ಅವಳ ಕೈಗೂ ಒಂದು ಕೆಲಸ ಕೊಡಿ

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮಗಳಿಗೆ ಒಂದು ವರ್ಷ ಹತ್ತು ತಿಂಗಳು. ಯಜಮಾನರು ಬೆಳಿಗ್ಗೆ ಏಳಕ್ಕೆ ದೇವನಹಳ್ಳಿ ಕಡೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಅತ್ತೆ ಮಾವ ರೇಷ್ಮೆ ಹುಳು ಸಾಕುವ ಮನೆಯಲ್ಲಿರುತ್ತಾರೆ. ಚಳಿ ಶುರುವಾದಾಗಿನಿಂದ ಮಗುವನ್ನು ಹೊಸ್ತಿಲು ದಾಟಿಸಬೇಡ, ಎದೆಗೆ ಶೀತ ಇಳಿಯುತ್ತೆ ಅನ್ನುತ್ತಾರೆ ಅತ್ತೆ. ಮನೆಯೊಳಗೆ ಅವಳು ಒಂದು ನಿಮಿಷ ನಿಲ್ಲುವುದಿಲ್ಲ. ಮಂಚದಿಂದ ಎಗರುತ್ತಾಳೆ, ಅಕ್ಕಿ ಡಬ್ಬ ಚೆಲ್ಲುತ್ತಾಳೆ, ನೀರಿನ ಬಿಂದಿಗೆ ಎಳೆಯುತ್ತಾಳೆ. ಆಟದ ಸಾಮಾನು ಒಂದು ಚೀಲ ತುಂಬ ಇದೆ, ಮುಟ್ಟುವುದಿಲ್ಲ. ಕರೆದರೆ ತಿರುಗುತ್ತಾಳೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ನನ್ನ ಹತ್ತಿರ ‘ಅಮ್ಮ ಬಾ’ ಅನ್ನುತ್ತಾಳೆ, ಅಜ್ಜಿ ಹತ್ತಿರ ತೆಲುಗಲ್ಲಿ ‘ನೀಳ್ಳು ಕಾವಾಲಿ’ ಅನ್ನುತ್ತಾಳೆ. ಮೊಬೈಲ್ ಕೊಟ್ಟರೆ ಮಾತ್ರ ಕೂರುತ್ತಾಳೆ. ಈಗ ದಿನಕ್ಕೆ ಮೂರು ಗಂಟೆಯಾದರೂ ಆಗುತ್ತಿದೆ. ಇವಳಿಗೆ ಏನಾದರೂ ತೊಂದರೆ ಇದೆಯೇ? ಸಂಜೆ ಆರರ ಹೊತ್ತಿಗೆ ನನಗೇ ಅಳು ಬರುತ್ತೆ. ಇನ್ನು ಎರಡು ತಿಂಗಳು ಹೇಗೆ ಕಳೆಯಲಿ?

ಉತ್ತರ: ನೀವು ಕೇಳಿದ್ದರಲ್ಲಿ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ‘ತೊಂದರೆ ಇದೆಯೇ’ ಅನ್ನುವುದು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ತೊಂದರೆಯ ಗುರುತು ನನಗೆ ಕಾಣುತ್ತಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದು, ಬೆರಳು ಮಾಡಿ ತೋರಿಸುವುದು, ಎರಡು ಮಾತು ಕೂಡಿಸಿ ಹೇಳುವುದು, ಈ ವಯಸ್ಸಿನಲ್ಲಿ ನಾವು ಮಕ್ಕಳ ವೈದ್ಯರು ಹುಡುಕುವುದು ಇವನ್ನೇ. ಇವೆಲ್ಲ ಅವಳಲ್ಲಿ ಇವೆ. ಅಜ್ಜಿಯ ಜೊತೆ ತೆಲುಗು, ನಿಮ್ಮ ಜೊತೆ ಕನ್ನಡ ಅನ್ನುವುದು ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಮನೆಗಳಲ್ಲಿ ಮಾಮೂಲು. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡರ ಪದಗಳನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಇನ್ನು ಕೂರದೆ ಓಡಾಡುವುದಕ್ಕೆ ಕಾಯಿಲೆಯ ಹೆಸರು ಕೊಡುವ ವಯಸ್ಸೇ ಇದಲ್ಲ. ಎರಡು ವರ್ಷ ತುಂಬುವುದರೊಳಗಿನ ಮಗುವನ್ನು ‘ಹೈಪರ್’ ಎಂದು ಕರೆಯುವ ವೈದ್ಯರನ್ನೂ ನಂಬಬೇಡಿ. ಒಂದು ವಿಷಯ ಮಾತ್ರ ಗಮನಿಸಿ. ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಿದ್ದರೆ, ಹಾಲು ದಿನಕ್ಕೆ ಅರ್ಧ ಲೀಟರ್ ಮೀರಿ ಕುಡಿದು ಊಟ ಬಿಡುತ್ತಿದ್ದರೆ, ರಾತ್ರಿ ನಿದ್ದೆಯಲ್ಲಿ ಹೊರಳಾಡುತ್ತಿದ್ದರೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಅಂಶ ಕಡಿಮೆಯಾದ ಮಕ್ಕಳು ಕಿರಿಕಿರಿ ಮಾಡುತ್ತಾರೆ.

ಹಾಗಾದರೆ ಈ ಓಟ ಯಾತಕ್ಕೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು ನಡೆಯಲು ಕಲಿಯುವ ಮಕ್ಕಳನ್ನು ಆಟವಾಡಲು ಬಿಟ್ಟು ಹೆಜ್ಜೆ ಎಣಿಸಿದರು. 2012ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ 12ರಿಂದ 19 ತಿಂಗಳ ಮಕ್ಕಳು ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ. ನಿಮ್ಮ ಮಗಳು ಅವರಿಗಿಂತ ದೊಡ್ಡವಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಕಡಿಮೆಯೆಂದರೂ 180 ನಿಮಿಷ ಮೈ ಆಡಿಸಬೇಕು ಎಂದಿದೆ. ಮೂರು ಗಂಟೆ! ಅವಳು ಮಂಚದಿಂದ ಎಗರುವಾಗ ಆ ಮೂರು ಗಂಟೆಯನ್ನು ತಾನೇ ಹೇಗೋ ಹೊಂದಿಸಿಕೊಳ್ಳುತ್ತಿದ್ದಾಳೆ. ನಿಮ್ಮ ಮನೆಯಲ್ಲಿ ಹುಳು ಸಾಕುತ್ತೀರಿ, ನಿಮಗೆ ಬೇರೆ ಹೋಲಿಕೆ ಬೇಕಿಲ್ಲ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಹೇಗೆ ಮೇಯುತ್ತದೆ, ತಟ್ಟೆಯಲ್ಲಿ ಮಳೆ ಸುರಿದ ಹಾಗೆ ಸದ್ದು ಬರುತ್ತದಲ್ಲ, ಆಗ ನೀವು ಸೊಪ್ಪು ಕಡಿಮೆ ಮಾಡುವುದಿಲ್ಲ. ರಾತ್ರಿ ಎದ್ದು ಹೋಗಿ ಹಾಕುತ್ತೀರಿ. ಈ ಮಗುವಿನ ಕೈಕಾಲಿಗೆ ಈಗ ಅಂಥದೇ ಹಸಿವು.

ಈಗ ಅತ್ತೆಯವರ ಮಾತಿಗೆ ಬರೋಣ. ಅವರು ಹೇಳುವುದನ್ನು ತಳ್ಳಿಹಾಕಬೇಡಿ. ಎದೆ ಕಟ್ಟಿ, ಆಸ್ಪತ್ರೆ ದೂರವಿದ್ದು, ಮಕ್ಕಳನ್ನು ಕಳೆದುಕೊಂಡ ಮನೆಗಳನ್ನು ಅವರ ತಲೆಮಾರಿನವರು ಕಣ್ಣಾರೆ ಕಂಡಿದ್ದಾರೆ. ಆ ಭಯಕ್ಕೆ ಕಾರಣವಿದೆ. ಆದರೆ ನೆಗಡಿ ಕೆಮ್ಮು ತರುವುದು ವೈರಸ್ಸು, ಅದು ಬರುವುದು ಇನ್ನೊಬ್ಬರ ಮೂಗು ಬಾಯಿಯಿಂದ. ಚಳಿಗಾಲದಲ್ಲಿ ಅದು ಹೆಚ್ಚಾಗುವುದಕ್ಕೆ ನಾವೆಲ್ಲ ಕಿಟಕಿ ಬಾಗಿಲು ಹಾಕಿಕೊಂಡು ಒಂದೇ ಕೋಣೆಯ ಗಾಳಿ ಉಸಿರಾಡುವುದೂ ಒಂದು ಕಾರಣ. ಅಂದರೆ ಮುಚ್ಚಿದ ಕೋಣೆಯಲ್ಲಿ ಕೆಮ್ಮುತ್ತಿರುವ ನೆಂಟರ ಪಕ್ಕ ಕೂರುವುದಕ್ಕಿಂತ ಅಂಗಳದಲ್ಲಿ ಓಡುವುದು ಮಗುವಿಗೆ ಸುರಕ್ಷಿತ. ಇದನ್ನು ನೀವು ಹೇಳಿದರೆ ಸೊಸೆಯ ಎದುರುತ್ತರ ಅನ್ನಿಸಬಹುದು. ಮುಂದಿನ ಸಲ ಲಸಿಕೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದ ಕೇಳಿಸಿ. ಅವರಿಗೆ ಒಂದು ಕೆಲಸವನ್ನೂ ವಹಿಸಿ: ಮಗುವಿಗೆ ಕೆಮ್ಮು ಬಂದಾಗ, ಅವಳು ಮಲಗಿರುವಾಗ, ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದು. ಈ ವಯಸ್ಸಿನಲ್ಲಿ ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ, ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಅವತ್ತೇ ಆಸ್ಪತ್ರೆಗೆ ಹೊರಡಬೇಕು. ಕಾಯುವುದಕ್ಕೆ ಅದು ಶೀತ ಅಲ್ಲ. ಅಜ್ಜಿಗೆ ಉಸಿರು ಎಣಿಸುವುದು ಬಂದರೆ ಬಾಗಿಲು ತೆರೆಯುವುದು ಸುಲಭವಾಗುತ್ತದೆ ಅನ್ನುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ನಮ್ಮ ಚಳಿ ಎಂಥದು ಅನ್ನುವುದನ್ನೂ ಸ್ವಲ್ಪ ನೋಡಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು ಇದು. ರಾತ್ರಿ ಮೋಡವಿಲ್ಲದ ಆಕಾಶದಲ್ಲಿ ನೆಲದ ಕಾವೆಲ್ಲ ಹಾರಿಹೋಗಿ, ಬೆಳಗಿನ ಜಾವ 15 ಡಿಗ್ರಿ, ಕೆಲವು ದಿನ ಇನ್ನೂ ಕೆಳಗೆ ಇಳಿಯುತ್ತದೆ. ನಂದಿ ಬೆಟ್ಟ ಎಂಟು ಗಂಟೆಯಾದರೂ ಮಂಜಿನಿಂದ ಹೊರಗೆ ಬರುವುದಿಲ್ಲ. ಆದರೆ ಅದೇ ದಿನ ಮಧ್ಯಾಹ್ನ 26, 27 ಡಿಗ್ರಿ ಇರುತ್ತದೆ. ನಮ್ಮಲ್ಲಿ ಚಳಿ ದಿನದ ಎರಡು ತುದಿಯಲ್ಲಿ ಮಾತ್ರ. ನಡುವೆ ಒಂಬತ್ತೂವರೆಯಿಂದ ನಾಲ್ಕೂವರೆವರೆಗೆ ಏಳು ಗಂಟೆ ಹೊತ್ತು ವರ್ಷದಲ್ಲೇ ಹಿತವಾದ ಬಿಸಿಲು. ಹಿಮ ಬೀಳುವ ದೇಶದವರು ತಿಂಗಳುಗಟ್ಟಲೆ ಕಾಯುವ ಬಿಸಿಲದು. ಅದನ್ನು ಮಗುವಿಗೆ ತಪ್ಪಿಸಬೇಡಿ. ಎಳೆ ಬಿಸಿಲು ಮೈಗೆ ಹಿತ, ಆದರೆ ಚರ್ಮ ವಿಟಮಿನ್ ಡಿ ಮಾಡಿಕೊಳ್ಳುವ ಕಿರಣ ಅದರಲ್ಲಿ ತೀರಾ ಕಡಿಮೆ. ಅದು ಸಿಗುವುದು ಹತ್ತರಿಂದ ಮೂರರ ನಡುವೆ. ಅದಕ್ಕೇ ನನ್ನ ಸಲಹೆ: ಹತ್ತರಿಂದ ಹನ್ನೊಂದೂವರೆ ಅಂಗಳ, ಮೂರೂವರೆಯಿಂದ ಐದು ಮತ್ತೆ ಅಂಗಳ. ಮೂರು ಗಂಟೆಯಲ್ಲಿ ಹೆಚ್ಚಿನ ಪಾಲು ಅಲ್ಲೇ ಮುಗಿಯಿತು.

ಬಟ್ಟೆ ನಿಮಗಿಂತ ಒಂದು ಪದರ ಹೆಚ್ಚಿದ್ದರೆ ಸಾಕು. ಒಳಗೆ ಹತ್ತಿಯದು, ಮೇಲೆ ಸ್ವೆಟರು. ಕತ್ತಿನ ಹಿಂಭಾಗಕ್ಕೆ ಕೈ ಹಾಕಿ ನೋಡಿ. ಬೆವರಿದ್ದರೆ ಸ್ವೆಟರು ತೆಗೆಯಿರಿ. ಎರಡು ಸ್ವೆಟರು, ಕುಲಾವಿ, ಅದರ ಮೇಲೆ ಸ್ಕಾರ್ಫು ಹಾಕಿದ ಮಗು ಓಡಲಾರದೆ ಅಳುತ್ತದೆ, ಬೆವರಿ ಒದ್ದೆಯಾಗಿ ಆಮೇಲೆ ನಡುಗುತ್ತದೆ. ಒಳಗೆ ಮೊಸಾಯಿಕ್ ಅಥವಾ ಟೈಲ್ಸ್ ನೆಲವಿದ್ದರೆ ಕಾಲುಚೀಲ ಜಾರುತ್ತದೆ. ಓಡುವ ಹೊತ್ತಲ್ಲಿ ಬರಿಗಾಲೇ ಮೇಲು.

ಇನ್ನು ಮನೆಯೊಳಗಿನ ಮಾತು. ಒಂದು ಚೀಲ ಆಟದ ಸಾಮಾನು ಮುಟ್ಟುವುದಿಲ್ಲ, ಅಕ್ಕಿ ಡಬ್ಬಕ್ಕೆ ಕೈ ಹಾಕುತ್ತಾಳೆ, ಬಿಂದಿಗೆ ಎಳೆಯುತ್ತಾಳೆ ಎಂದು ನೀವು ದೂರಿನಂತೆ ಬರೆದಿದ್ದೀರಿ. ನನಗೆ ಅದರಲ್ಲೇ ಉತ್ತರ ಕಂಡಿತು. ಅವಳಿಗೆ ಆಟಿಕೆ ಬೇಡ, ಕೆಲಸ ಬೇಕು. ನಿಮ್ಮ ಮನೆಯಲ್ಲಿ ಎಲ್ಲರಿಗೂ ಕೆಲಸವಿದೆ. ಅಪ್ಪ ಹೊರಟ, ಅಜ್ಜಿ ತಾತ ಸೊಪ್ಪು ಹೊತ್ತರು, ಅಮ್ಮ ಅಡುಗೆಗೆ ನಿಂತಳು. ಕೆಲಸವಿಲ್ಲದವಳು ಅವಳೊಬ್ಬಳೇ. ಮರಿಯಾ ಮಾಂಟೆಸರಿ 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಇಲ್ಲೇ ಕಳೆದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಪದ್ಧತಿಯಲ್ಲಿ ಪುಟ್ಟ ಮಕ್ಕಳಿಗೆ ಮೊದಲು ಕಲಿಸುವುದು ನೀರು ಸುರಿಯುವುದು, ಕಾಳು ಬಗ್ಗಿಸುವುದು, ಗುಡಿಸುವುದು, ಒರೆಸುವುದು. ನಮ್ಮ ಹಳ್ಳಿಯ ಮನೆಗಳಲ್ಲಿ ಇದಕ್ಕೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ.

ಈ ಎರಡು ತಿಂಗಳು ಅವರೆಕಾಯಿ ಕಾಲ. ಮನೆಗೆ ಚೀಲಗಟ್ಟಲೆ ಬಂದು ಬೀಳುತ್ತದೆ, ಸೊಗಡು ಕೈಗೆ ಮೆತ್ತಿಕೊಂಡರೆ ಸೋಪಿಗೂ ಬಿಡುವುದಿಲ್ಲ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಹೊರಗೆ ಇನ್ನೂ ಚಳಿ ಇರುವ ಹೊತ್ತು, ಇದಕ್ಕೇ ಇಟ್ಟುಕೊಳ್ಳಿ. ಗೋಣಿಚೀಲ ಬಾಗಿಲ ಹತ್ತಿರ ಇರಲಿ, ಮೊರ ಅಡುಗೆಮನೆ ಹತ್ತಿರ ಇರಲಿ. ನಡುವೆ ಹತ್ತು ಹನ್ನೆರಡು ಹೆಜ್ಜೆ. ಅವಳ ಕೈಗೆ ಒಂದು ಸಣ್ಣ ಬುಟ್ಟಿ ಕೊಟ್ಟು, ‘ಅಮ್ಮಂಗೆ ಕಾಯಿ ತಂದುಕೊಡು’ ಅನ್ನಿ. ಐದು ಕಾಯಿ ತರುತ್ತಾಳೆ, ಸುರಿಯುತ್ತಾಳೆ, ಮತ್ತೆ ಓಡುತ್ತಾಳೆ. ಇಪ್ಪತ್ತು ಸುತ್ತು ಆದರೂ ಬೇಸರವಾಗುವುದಿಲ್ಲ. ತುಂಬುವುದು, ಹೊರುವುದು, ಸುರಿಯುವುದು, ಈ ವಯಸ್ಸಿನ ಮಗುವಿಗೆ ಇದಕ್ಕಿಂತ ಬೇಕಾದ್ದು ಇನ್ನೊಂದಿಲ್ಲ. ನೀವು ಬಿಡಿಸಿದ ಸಿಪ್ಪೆಯನ್ನು ಇನ್ನೊಂದು ಬುಟ್ಟಿಗೆ ತುಂಬಿಸಿ, ಹತ್ತು ಗಂಟೆಗೆ ಬಿಸಿಲು ಬಂದಾಗ ಅದನ್ನು ತಾತನ ಜೊತೆ ಹಸುವಿಗೆ ಹಾಕಿಸಿ. ಹಸು ತಿನ್ನುವುದನ್ನು ಕಂಡ ಮಗುವಿಗೆ ತಾನು ಮಾಡಿದ್ದು ನಿಜವಾದ ಕೆಲಸ ಎಂದು ಗೊತ್ತಾಗುತ್ತದೆ, ನಾಳೆ ಬೆಳಿಗ್ಗೆ ತಾನೇ ಬುಟ್ಟಿ ಹುಡುಕುತ್ತಾಳೆ. ನೆನೆಸಿದ ಕಾಳನ್ನು ಹಿತಕುವುದಂತೂ ಬೆರಳಿಗೆ ಸೊಗಸಾದ ಕೆಲಸ. ಹಿತಕಿದ ಬೇಳೆ ಅನ್ನಿ, ನಿಮ್ಮ ಅತ್ತೆಯವರ ಹಾಗೆ ಪಿತಿಕಿಪಪ್ಪು ಅನ್ನಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಂಗನೆ ಹಾರುವುದನ್ನು ನೋಡಿ ಅವಳು ಕೇಕೆ ಹಾಕುತ್ತಾಳೆ.

ಆದರೆ ಇಲ್ಲಿ ಗಟ್ಟಿಯಾಗಿ ಒಂದು ಎಚ್ಚರಿಕೆ ಹೇಳುತ್ತೇನೆ. ಕಾಯಿ ಮತ್ತು ಸಿಪ್ಪೆ ಅವಳ ಕೈಗೆ ಕೊಡಿ, ಬಿಡಿಸಿದ ಕಾಳು ಮಾತ್ರ ನೀವು ಎದುರು ಕೂತು ಕಣ್ಣಿಟ್ಟಿದ್ದರೆ ಮಾತ್ರ ಕೊಡಿ. ನನ್ನ ಮಗ ಎರಡೂವರೆ ವರ್ಷದವನಿದ್ದಾಗ, ಇಂಥದೇ ಡಿಸೆಂಬರಿನಲ್ಲಿ, ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿತ್ತು. ಶೀತ ಎಂದುಕೊಂಡೆವು. ಮೂರನೇ ದಿನ ಮೂಗಿನ ಹತ್ತಿರ ಹೋದರೆ ಕೆಟ್ಟ ವಾಸನೆ. ಒಳಗೆ ಅವರೆಕಾಳು ಸಿಕ್ಕಿಕೊಂಡು, ತೇವಕ್ಕೆ ಊದಿತ್ತು. ವೈದ್ಯೆಯಾದ ನನಗೂ ಮನೆಯಲ್ಲಿ ಅದು ತಕ್ಷಣ ಹೊಳೆಯಲಿಲ್ಲ ಅನ್ನುವುದು ಈಗಲೂ ನನಗೆ ನೋವು. ಒಂದೇ ಹೊಳ್ಳೆಯಿಂದ ಸುರಿಯುವ, ವಾಸನೆ ಬರುವ ಸಿಂಬಳ ಕಂಡರೆ ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ, ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಹೋಗಿ. ಕಡಲೆಕಾಯಿ ಬೀಜ ಇನ್ನೂ ಅಪಾಯ. ಅದು ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಕುತ್ತು. ನಾಲ್ಕೈದು ವರ್ಷದವರೆಗೆ ಇಡೀ ಬೀಜ ಬಾಯಿಗೆ ಬೇಡ. ಪುಡಿ ಮಾಡಿ ಬೆಲ್ಲದ ಜೊತೆ ಕೊಡಿ.

ಅಕ್ಕಿ ಡಬ್ಬದ ವಿಷಯ. ಡಬ್ಬವನ್ನು ಮೇಲಿಟ್ಟುಬಿಡಿ, ಬದಲಿಗೆ ಅವಳದೇ ಒಂದು ಅಗಲವಾದ ಬೇಸನ್ನು, ಅದರಲ್ಲಿ ಎರಡು ಸೇರು ರಾಗಿ, ಒಂದು ಚಟಾಕು, ಒಂದು ಪಾವು, ಒಂದು ಜರಡಿ, ಎರಡು ಲೋಟ. ಕೆಳಗೆ ಹಳೆಯ ಸೀರೆ ಹಾಸಿ. ಚೆಲ್ಲಿದ್ದೆಲ್ಲ ಸೀರೆಗೆ ಬೀಳುತ್ತದೆ, ನಾಲ್ಕು ಮೂಲೆ ಹಿಡಿದರೆ ಮತ್ತೆ ಬೇಸನ್ನಿಗೆ. ಅದನ್ನು ಎತ್ತಿಡುವಾಗ ಒಂದು ಮೂಲೆ ಅವಳೇ ಹಿಡಿಯಲಿ. ದಿನವಿಡೀ ಇಡಬೇಡಿ, ಅಡುಗೆಯ ಹೊತ್ತಿನಲ್ಲಿ ಮಾತ್ರ ಹೊರಗೆ ಬರಲಿ. ಆಟದ ಸಾಮಾನಿನ ಚೀಲಕ್ಕೂ ಇದೇ ನಿಯಮ: ನಾಲ್ಕು ಹೊರಗಿರಲಿ, ಉಳಿದದ್ದು ಕಣ್ಣಿಗೆ ಕಾಣದಿರಲಿ, ವಾರಕ್ಕೊಮ್ಮೆ ಬದಲಿಸಿ.

ಭಾರ ಎಳೆಯುವ ಆಸೆ ಅವಳಿಗೆ ಇದೆ, ಬಿಂದಿಗೆಯಿಂದಲೇ ಗೊತ್ತಾಗುತ್ತದೆ. ಭಾರ ಎಳೆದ, ತಳ್ಳಿದ, ಹೊತ್ತ ಮಗು ಬೇಗ ಶಾಂತವಾಗುತ್ತದೆ. ಬರೀ ಓಡಿದ ಮಗು ಕೆಲವೊಮ್ಮೆ ಇನ್ನಷ್ಟು ಕೆರಳುತ್ತದೆ. ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಿ ಒಳಗೆ ಎರಡು ತೆಂಗಿನಕಾಯಿ ಇಡಿ, ಹಜಾರದ ಉದ್ದಕ್ಕೂ ಎಳೆಯಲಿ. ಎರಡು ಕೆಜಿ ರಾಗಿಯ ಪುಟ್ಟ ಮೂಟೆ ಕಟ್ಟಿ ಅಡುಗೆಮನೆಯಿಂದ ದೇವರ ಮನೆಗೆ ಸಾಗಿಸಲಿ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸಲಿ, ನೀವು ಒರೆಸಿದ ಮೇಲೆ ಒರೆಸಿದರೂ ಸರಿ. ಹಗ್ಗದ ಉದ್ದ ಅವಳ ಕೈಯಳತೆ ಮೀರದಿರಲಿ, ಕುತ್ತಿಗೆಗೆ ಸುತ್ತುವಷ್ಟು ಇರಬಾರದು.

ನೀವು ಬರೆದದ್ದರಲ್ಲಿ ಇನ್ನೊಂದು ಚಿತ್ರ ನನ್ನ ಕಣ್ಣಿಗೆ ಬಂತು. ಅಜ್ಜಿ ತಾತ ಹುಳು ಮನೆಯಲ್ಲಿ, ಮಗು ಹೊರಗೆ. ಹುಳುವಿಗೆ ರೋಗ ಬರುತ್ತದೆ ಎಂದು ಕಂಡವರನ್ನು ಒಳಗೆ ಬಿಡುವುದಿಲ್ಲ, ಅದು ಸರಿ. ಒಳಗೆ ಸುಣ್ಣ, ಬ್ಲೀಚಿಂಗ್ ಪುಡಿ ಇರುತ್ತವೆ, ಮಗುವಿನ ಕಣ್ಣಿಗೆ ಹೋದರೆ ಸುಡುತ್ತದೆ, ಹಾಗಾಗಿ ಅವಳನ್ನು ಒಳಗೆ ಬಿಡುವುದು ನನಗೂ ಬೇಡ. ಹುಳು ಮೇಯ್ದು ಬಿಟ್ಟ ಹಾಸಿಗೆ ಕಸದಲ್ಲೂ ಆ ಪುಡಿ ಇರುತ್ತದೆ, ಅದೂ ಬೇಡ. ಆದರೆ ತೋಟದಿಂದ ಸೊಪ್ಪಿನ ಹೊರೆ ಬಂದಾಗ, ಒಳಗೆ ಹೋಗುವ ಮೊದಲು, ಹತ್ತು ಕಡ್ಡಿ ಅವಳದು ಎಂದು ತಾತ ಎತ್ತಿಡಲಿ. ಹಿಪ್ಪುನೇರಳೆ ಸೊಪ್ಪಿನಷ್ಟು ಶುದ್ಧವಾದ ಸೊಪ್ಪು ನಿಮ್ಮ ಊರಲ್ಲಿ ಇನ್ನೊಂದಿಲ್ಲ, ವಿಷ ತಾಗಿದರೆ ಹುಳುವೇ ಉಳಿಯುವುದಿಲ್ಲ. ಅಂಗಳದಲ್ಲಿ ಕೂತು ಎಲೆ ಕೀಳಲಿ, ಹಳೆಯ ಮೊರಕ್ಕೆ ಹಾಕಲಿ. ಅಜ್ಜಿ ಒಳಗೆ ಮಾಡುವುದನ್ನೇ ಅವಳು ಹೊರಗೆ ಮಾಡುತ್ತಿರುತ್ತಾಳೆ.

ಹುಳು ಮನೆಯ ಮಾತು ಬಂದಾಗ ಬೆಂಕಿಯ ಮಾತನ್ನೂ ಹೇಳಿಬಿಡಬೇಕು. ಮಾಗಿಯಲ್ಲಿ ಹುಳುವಿಗೆ 25 ಡಿಗ್ರಿ ಕಾವು ಇಡಲು ಕೆಲವರು ಇದ್ದಿಲ ಒಲೆ ಇಡುತ್ತಾರೆ. ಅದೇ ಒಲೆಯನ್ನು ರಾತ್ರಿ ಮಗು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುವ ಮನೆಗಳಿವೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಗಾಳಿ ಆಡದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇದ್ದರೆ, ನೀರು ಕಾಯುವಷ್ಟು ಹೊತ್ತು ಬಚ್ಚಲಿನ ಚಿಲಕ ಹೊರಗಿನಿಂದ ಹಾಕಿರಬೇಕು. ಮಗುವಿನ ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಈ ಕ್ರಮ ಯಾವತ್ತೂ ತಪ್ಪಬಾರದು. ಅರ್ಧ ಗೇಣು ನೀರಿರುವ ಬಕೆಟ್ಟೂ ಈ ವಯಸ್ಸಿನ ಮಗುವಿಗೆ ಬಾವಿಯೇ, ತಲೆಕೆಳಗಾಗಿ ಬಿದ್ದರೆ ಏಳಲು ಬರುವುದಿಲ್ಲ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವ ರೂಢಿ ಇದ್ದರೆ ಬಿಡಿ, ಹೊಗೆ ಉಸಿರಿನ ಕೊಳವೆಯನ್ನು ಕೆರಳಿಸುತ್ತದೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ತಿಕ್ಕುವುದೂ ಬೇಡ. ಕರ್ಪೂರದ ಸಣ್ಣ ಬಿಲ್ಲೆ ನುಂಗಿದರೂ ಮಗುವಿಗೆ ಫಿಟ್ಸ್ ಬರಬಹುದು, ದೇವರ ಮನೆಯ ಕರ್ಪೂರದ ಡಬ್ಬಿ ಮೇಲಿನ ಗೂಡಿಗೆ ಹೋಗಲಿ. ಬರೀ ಎಣ್ಣೆ ಮೈಗೆ ಹಚ್ಚಿ, ಮೂಗಿಗೆ ಕಿವಿಗೆ ಬಿಡಬೇಡಿ.

ಮೊಬೈಲ್. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನು ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ನಮ್ಮ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಹೇಳುತ್ತದೆ. ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ. ಮೂರು ಗಂಟೆ ಕೊಟ್ಟಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಹೊಸ್ತಿಲು ದಾಟದೆ, ಜೊತೆಗೆ ಯಾರೂ ಇಲ್ಲದೆ, ಹದಿಮೂರು ಗಂಟೆ ಮಗುವನ್ನು ನೋಡಿಕೊಳ್ಳುವವರಿಗೆ ಬೇರೆ ದಾರಿ ಯಾರೂ ತೋರಿಸಿರಲಿಲ್ಲ. ಈಗ ಬಿಡಿಸುವ ಕ್ರಮ ಹೇಳುತ್ತೇನೆ. ಮೊದಲು ಊಟದ ಹೊತ್ತಿನದು ತೆಗೆಯಿರಿ. ಮೊಬೈಲ್ ನೋಡುತ್ತ ತಿಂದ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ಅಗಿಯುವುದೂ ಮರೆಯುತ್ತದೆ. ತಟ್ಟೆ ಅವಳ ಮುಂದಿಟ್ಟು, ಮೆತ್ತಗಿನ ಮುದ್ದೆಯ ಸಣ್ಣ ಸಣ್ಣ ತುತ್ತು ಸಾರಿನಲ್ಲಿ ನೆನೆಸಿ ಅವಳ ಕೈಗೇ ಕೊಡಿ. ಮೂರು ನಾಲ್ಕು ದಿನ ಕಡಿಮೆ ತಿನ್ನುತ್ತಾಳೆ, ಅಳುತ್ತಾಳೆ, ಚೆಲ್ಲುತ್ತಾಳೆ. ತಡೆದುಕೊಳ್ಳಿ. ಐದನೇ ದಿನದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಗ್ಗಿಕೊಳ್ಳುತ್ತಾರೆ. ಆಮೇಲೆ ಮಧ್ಯಾಹ್ನದ್ದು, ಕೊನೆಗೆ ಸಂಜೆಯದು. ಅತ್ತೆ ಮಾವ, ಯಜಮಾನರು, ನೀವು ನಾಲ್ವರೂ ಒಂದೇ ಮಾತಿಗೆ ನಿಲ್ಲಬೇಕು. ಒಬ್ಬರು ಕೊಟ್ಟರೂ ಅವಳು ಅವರ ಹತ್ತಿರವೇ ಹೋಗಿ ಅಳುತ್ತಾಳೆ. ಅಪ್ಪನ ಜೊತೆ ಮಧ್ಯಾಹ್ನ ಐದು ನಿಮಿಷ ವಿಡಿಯೋ ಕಾಲ್ ಮಾಡುವುದನ್ನು ಇದಕ್ಕೆ ಸೇರಿಸಬೇಕಿಲ್ಲ. ಅದು ಮನುಷ್ಯರ ಜೊತೆಗಿನ ಮಾತು.

ಕಷ್ಟವಿರುವುದು ಸಂಜೆ. ಡಿಸೆಂಬರಿನಲ್ಲಿ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ, ಗಾಳಿ ಚುರುಗುಟ್ಟುತ್ತದೆ, ಬಾಗಿಲು ಹಾಕಲೇಬೇಕು, ಯಜಮಾನರು ಬರಲು ಎರಡು ಗಂಟೆಯಿದೆ. ನಿಮಗೆ ಅಳು ಬರುವ ಹೊತ್ತು ಅದೇ ಎಂದು ಬರೆದಿದ್ದೀರಿ. ಈ ಎರಡು ಗಂಟೆಯನ್ನು ದಿನವೂ ಒಂದೇ ಥರ ಮಾಡಿ. ಮಗುವಿಗೆ ಮುಂದೇನು ಎಂದು ಗೊತ್ತಿದ್ದರೆ ಅರ್ಧ ಹಟ ಇಳಿಯುತ್ತದೆ. ಆರಕ್ಕೆ ಹಾಸಿಗೆಯನ್ನು ಮಂಚದಿಂದ ನೆಲಕ್ಕೆ ಇಳಿಸಿಬಿಡಿ. ಎಗರುವುದು ಅಲ್ಲಿ ಮಾತ್ರ, ಬೇಕಾದಷ್ಟು. ಕಂಬಳಿಯ ಮೇಲೆ ಕೂರಿಸಿ ಹಜಾರದಲ್ಲಿ ಎಳೆಯಿರಿ, ಉಪ್ಪುಮೂಟೆ ಆಡಿಸಿ, ಕಂಬಳಿಯಲ್ಲಿ ಸುರುಳಿ ಸುತ್ತಿ ಮುಖ ಮಾತ್ರ ಹೊರಗಿಟ್ಟು ಬಿಡಿಸಿ. ಅರ್ಧ ಗಂಟೆ ಸಾಕು. ಆರೂವರೆಗೆ ಬೆಚ್ಚನೆಯ ಸ್ನಾನ, ಬೆಳಿಗ್ಗೆ ಮಾಡಿಸುವ ಸ್ನಾನವನ್ನೇ ಈ ಎರಡು ತಿಂಗಳು ಸಂಜೆಗೆ ತನ್ನಿ. ಏಳಕ್ಕೆ ಊಟ. ಊಟವಾದ ಮೇಲೆ ದೀಪ ಆರಿಸಿ, ಬ್ಯಾಟರಿ ಹಚ್ಚಿ ಗೋಡೆಯ ಮೇಲೆ ನೆರಳಾಟ: ನಿಮ್ಮ ಕೈ ಮೊಲವಾಗಲಿ, ಚಮಚ ಆನೆಯ ಸೊಂಡಿಲಾಗಲಿ. ಓಡಿ ಓಡಿ ಕಾದ ಮೈ ಕತ್ತಲಲ್ಲಿ ತಾನಾಗಿ ತಣ್ಣಗಾಗುತ್ತದೆ. ಆ ಹೊತ್ತಲ್ಲಿ ಕಥೆ ಹೇಳುವ ಕೆಲಸ ಅಜ್ಜಿಯದು, ತೆಲುಗಿನಲ್ಲೇ ಹೇಳಲಿ. ಎಂಟಕ್ಕೆ ಅಪ್ಪ ಬಂದಾಗ ಅವಳನ್ನು ಮತ್ತೆ ಕುಣಿಸಬಾರದು, ಎತ್ತಿಕೊಂಡು ಮಲಗಿಸುವುದೇ ಅವರ ಪಾಲು. ಹಗಲು ರಾತ್ರಿ ಸೇರಿ ಅವಳಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಮಧ್ಯಾಹ್ನ ಮೂರೂವರೆ ದಾಟಿ ಮಲಗಲು ಬಿಟ್ಟರೆ ರಾತ್ರಿ ಹನ್ನೊಂದಾಗುತ್ತದೆ.

ಇನ್ನು ನಿಮ್ಮ ಅಳು. ಮಗು ಮಧ್ಯಾಹ್ನ ಮಲಗಿದಾಗ ಪಾತ್ರೆ ತಿಕ್ಕಲು ಹೋಗಬೇಡಿ, ಪಾತ್ರೆ ಅವಳು ಎದ್ದಿರುವಾಗ ಅವಳ ಜೊತೆಗೇ ತಿಕ್ಕಬಹುದು. ಆ ಹೊತ್ತು ನಿಮ್ಮದು, ಮಲಗಿ. ಮೂರೂವರೆಯಿಂದ ಐದರ ಅಂಗಳದ ಹೊತ್ತಲ್ಲಿ, ಸೊಪ್ಪು ಹಾಕಿ ಮುಗಿದ ಮೇಲೆ, ಅತ್ತೆ ಅಥವಾ ಮಾವ ಅರ್ಧ ಗಂಟೆ ಅವಳನ್ನು ನೋಡಿಕೊಳ್ಳಲಿ ಎಂದು ಯಜಮಾನರೇ ಹೇಳಬೇಕು. ಇದು ನಿಮ್ಮ ಬಾಯಿಂದ ಬರಬೇಕಾದ ಮಾತಲ್ಲ. ಬೀದಿಯಲ್ಲಿ ಇದೇ ವಯಸ್ಸಿನ ಇನ್ನೊಂದು ಮಗು ಇದ್ದೇ ಇರುತ್ತದೆ, ಅದರ ತಾಯಿಯೂ ಒಳಗೆ ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ. ಕರೆಯಿರಿ, ಅವರೆಕಾಯಿ ಬಿಡಿಸಲು ನಾಲ್ಕು ಕೈ ಆಗುತ್ತದೆ. ಎರಡು ವಾರ ಹೀಗೆ ನಡೆಸಿದ ಮೇಲೂ ದಿನವೂ ಅಳು ಬರುತ್ತಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಏನೂ ಬೇಡ ಅನ್ನಿಸುತ್ತಿದ್ದರೆ, ತಡ ಮಾಡದೆ ನೀವೇ ವೈದ್ಯರನ್ನು ಕಾಣಿ. ಹೆರಿಗೆಯಾಗಿ ಎರಡು ವರ್ಷವಾಯಿತಲ್ಲ ಎಂದು ಸುಮ್ಮನಾಗಬೇಡಿ. ಅದಕ್ಕೆ ಚಿಕಿತ್ಸೆ ಇದೆ.

ಸಂಕ್ರಾಂತಿಗೆ ಅವಳ ತಲೆಯ ಮೇಲೆ ಎಲಚಿ ಹಣ್ಣು ಎರೆಯುತ್ತೀರಲ್ಲ, ಕೆಲವರ ಮನೆಯಲ್ಲಿ ಭೋಗಿಯ ದಿನವೇ ಮಾಡುತ್ತಾರೆ, ಅವತ್ತು ಹಣ್ಣಿನ ಜೊತೆ ಕಾಸು, ಕಬ್ಬಿನ ಚೂರು ಎಲ್ಲ ನೆಲಕ್ಕೆ ಉರುಳುತ್ತವೆ. ಎಲಚಿ ಬೀಜವೂ ಕಾಸೂ ಅವಳ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆಯವು. ಎರೆಯುವ ಮೊದಲೇ ಕಾಸು ಎಣಿಸಿಟ್ಟುಕೊಳ್ಳಿ. ಆರತಿ ಆದ ಕೂಡಲೇ ಅವಳ ಕೈಗೆ ಒಂದು ಚೊಂಬು ಕೊಟ್ಟು, ಪಕ್ಕದಲ್ಲಿ ನೀವು ಕೂತು, ಒಂದೊಂದಾಗಿ ಹೆಕ್ಕಿ ತುಂಬಿಸಿ. ಕೊನೆಯ ಕಾಸು ಚೊಂಬಿಗೆ ಬಿದ್ದ ಮೇಲೆ ಇನ್ನೊಮ್ಮೆ ಎಣಿಸಿ.